ಹೊಳೆನರಸೀಪುರದ ಸೋಮವಾರಗಳು

ನಮ್ಮ ಡೈರಿಯಲ್ಲಿ ಕೆಲಸ ಮಾಡಿದವರು ಯಾವ ಮದುವೆ ಮನೆಯಲ್ಲಿ ಸಿಕ್ಕರೂ, ಎಲೆ ಮುಂದೆ ಕೂತ ಮೇಲೆ ಒಂದು ಕಥೆ ಬಂದೇ ಬರುತ್ತದೆ. ಕಂಪ್ಯೂಟರಿಗೆ ಸೋಮವಾರ ರಜ ಕೊಟ್ಟ ಯಜಮಾನರ ಕಥೆ. ಹಳ್ಳಿಯಿಂದ ಬಂದ ಅಮಾಯಕ ಮನುಷ್ಯ, ಅವರಿಗೆ ಎತ್ತೂ ಒಂದೇ, ಕಂಪ್ಯೂಟರೂ ಒಂದೇ. ವಾರಕ್ಕೊಂದು ದಿನ ಅದನ್ನು ಬಿಚ್ಚಿಬಿಟ್ಟರು. ಒಂದು ತಾಲ್ಲೂಕಿನ ಹಾಲೇ ಮಾಯವಾಯಿತು. ಕೊನೆಗೆ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದಿದ್ದ ಹುಡುಗಿಯೊಬ್ಬಳು ಪಟಪಟ ಪ್ರಶ್ನೆ ಕೇಳಿ ಕಳ್ಳನನ್ನು ಹಿಡಿದಳು. ಆ ಹುಡುಗಿ ನಾನು. ಕಥೆ ಇಲ್ಲಿಗೆ ಬಂದಾಗ ಎಲ್ಲರೂ ನನ್ನ ಕಡೆ ನೋಡಿ ನಗುತ್ತಾರೆ. ಅಷ್ಟರಲ್ಲಿ ಪಾಯಸ ಬರುತ್ತದೆ.

ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಯಜಮಾನರು ಅಮಾಯಕರಾಗಿರಲಿಲ್ಲ, ಎತ್ತು ಯಾವುದು, ಯಂತ್ರ ಯಾವುದು ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಕಳ್ಳನನ್ನು ಹಿಡಿಯಲಿಲ್ಲ. ಕಳ್ಳ ಅನ್ನುವವನೇ ಇರಲಿಲ್ಲ. ದೊಡ್ಡ ತಕರಾರು ಬೇರೆ ಇದೆ. ಈ ಕಥೆಯಲ್ಲಿ ಹೊಳೆನರಸೀಪುರದ ಆಪರೇಟರ್ ಇಲ್ಲವೇ ಇಲ್ಲ. ಕೆಲಸ ಕಳೆದುಕೊಳ್ಳುವುದರಲ್ಲಿ ಇದ್ದವರು ಅವರು. ಅವರನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿ ನಗುವುದು ಯಾವ ನ್ಯಾಯ?

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಚನ್ನರಾಯಪಟ್ಟಣದಿಂದ ಹಾಸನದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಓದಿದ್ದಕ್ಕಿಂತ ವಾದ ಮಾಡಿದ್ದೇ ಹೆಚ್ಚು. ಅರಕಲಗೂಡಿನಲ್ಲಿ ಸ್ಪರ್ಧೆ ಅಂದರೆ ಅಲ್ಲಿಗೆ, ಹಾಸನದಲ್ಲಿ ಅಂದರೆ ಅಲ್ಲಿಗೆ. ಪರವೋ ವಿರುದ್ಧವೋ ಅನ್ನುವುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ಒಂದು ವಾರ ಪರ ಮಾತಾಡಿ ತಂದ ಸ್ಟೀಲಿನ ಕಪ್ಪಿನ ಪಕ್ಕದಲ್ಲೇ, ಮುಂದಿನ ವಾರ ಅದೇ ವಿಷಯದ ವಿರುದ್ಧ ಮಾತಾಡಿ ತಂದ ಕಪ್ಪು ಕೂರುತ್ತಿತ್ತು. ಮೇಷ್ಟ್ರಾಗಿದ್ದ ಅಪ್ಪ ಅದನ್ನು ನೋಡಿ, "ಚೀಟೀಲಿ ಬಂದದ್ದೇ ನಿನ್ನ ಅಭಿಪ್ರಾಯ ಕಣೇ" ಅನ್ನುತ್ತಿದ್ದರು. ನಾನು ಅದನ್ನು ಹೊಗಳಿಕೆ ಅಂದುಕೊಂಡಿದ್ದೆ.

ಆಮೇಲೆ ಒಂದು ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡು, ಹಾಸನದ ಹೊರಗಿದ್ದ ಒಂದು ಖಾಸಗಿ ಡೈರಿಗೆ ಸೇರಿದೆ. ಅದರ ಹೆಸರು ಬೇಡ, ಈಗ ಅದು ಇಲ್ಲ. ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ, ಈ ಮೂರು ಊರಿನಲ್ಲಿ ಹಾಲು ತಣಿಸಿಡುವ ಡೈರಿಯ ಚಿಲ್ಲಿಂಗ್ ಸೆಂಟರುಗಳಿದ್ದವು. ಯಾವ ಹಳ್ಳಿಯಿಂದ ಎಷ್ಟು ಲೀಟರ್ ಬಂತು, ಜಿಡ್ಡಿನ ಅಂಶ ಎಷ್ಟು ಅನ್ನುವುದನ್ನು ಅಲ್ಲಿನ ಆಪರೇಟರ್ ಕಂಪ್ಯೂಟರಿಗೆ ಹಾಕಿ, ಮಧ್ಯಾಹ್ನ ಹನ್ನೆರಡರೊಳಗೆ ಫೋನ್ ಲೈನಿನ ಮೂಲಕ ಹಾಸನಕ್ಕೆ ಕಳಿಸಬೇಕು. ಮೋಡೆಮ್ಮು ಕಿರ್ರೋ ಅಂತ ಅರಚಿ, ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಗುಂಯ್ ಅನ್ನುತ್ತಿತ್ತು. ಆ ಸದ್ದು ಈಗ ಎಲ್ಲೂ ಕೇಳುವುದಿಲ್ಲ. ನನಗೆ ಅದು ಕೇಳಿಸಿದರೆ ಕಾದ ಹಾಲಿನ ವಾಸನೆಯೂ ಜೊತೆಗೇ ಬಂದೀತು.

ಹಾಸನದಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾದ ಒಂದು ತಣ್ಣನೆಯ ಕೋಣೆ. ಅಲ್ಲೊಂದು ದೊಡ್ಡ ಯಂತ್ರ, ಅದರೊಳಗೆ ಎಲ್ಲ ಲೆಕ್ಕವನ್ನೂ ಕೂಡಿಡುವ ಡೇಟಾ ವೇರ್‌ಹೌಸ್. ಯಜಮಾನರು ಅದನ್ನು ಕಣಜ ಅನ್ನುತ್ತಿದ್ದರು, ಹೆಸರು ನಿಂತುಬಿಟ್ಟಿತು. ಸೆಂಟರುಗಳಿಂದ ಬಂದ ಫೈಲುಗಳನ್ನು ಕಣಜಕ್ಕೆ ತುಂಬಲು ಸೆಂಟರಿಗೊಂದರಂತೆ ಮೂರು ಬ್ಯಾಕ್‌ಗ್ರೌಂಡ್ ಜಾಬ್‌ಗಳಿದ್ದವು. ಹೊತ್ತು ಗೊತ್ತುಮಾಡಿಟ್ಟರೆ ಸಾಕು, ಯಾರೂ ಮುಂದೆ ಕೂರಬೇಕಿಲ್ಲ, ದಿನಾ ಮಧ್ಯಾಹ್ನ ಎರಡು ಗಂಟೆಗೆ ತಾವಾಗಿ ಓಡುತ್ತಿದ್ದವು. ರೈತರ ಬಟವಾಡೆಗೂ ಕಣಜಕ್ಕೂ ಸಂಬಂಧವಿರಲಿಲ್ಲ, ಅದು ಆಯಾ ಸೆಂಟರಿನ ವ್ಯವಹಾರ. ಯಾವ ಹಳ್ಳಿಯ ಹಾಲು ಇಳಿಯುತ್ತಿದೆ, ಎಲ್ಲಿ ದನಗಳಿಗೆ ಕಾಯಿಲೆ ಇರಬಹುದು, ಎಲ್ಲಿಗೆ ಡಾಕ್ಟರನ್ನು ಕಳಿಸಬೇಕು, ಟ್ಯಾಂಕರ್ ಯಾವ ದಾರಿಯಲ್ಲಿ ಹೋಗಬೇಕು, ಇಂಥವನ್ನೆಲ್ಲ ಕಣಜ ಹೇಳುತ್ತಿತ್ತು.

ಯಜಮಾನರು ಅಂದರೆ ಆ ಕೋಣೆಯ ಮೇಲ್ವಿಚಾರಕರು. ದಂಡಿಗನಹಳ್ಳಿ ಕಡೆಯ ದೊಡ್ಡ ಒಕ್ಕಲು ಮನೆಯವರು. ಇಪ್ಪತ್ತು ವರ್ಷ ಹಾಲಿನ ರೂಟಿನ ಮೇಲೆ ಓಡಾಡಿ, ತಲೆ ನರೆಯುವ ಹೊತ್ತಿಗೆ ಕಂಪ್ಯೂಟರ್ ಕಲಿತವರು. ಇಂಗ್ಲಿಷ್ ಓದಿ ಕಲಿತದ್ದಲ್ಲ. ಯಾವ ಪರದೆಯ ಮೇಲೆ ಯಾವ ಕೀಲಿ ಒತ್ತಿದರೆ ಏನಾಗುತ್ತದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಚಿತ್ರದ ಸಮೇತ ಬರೆದುಕೊಂಡಿದ್ದರು. ಅವರ ಬಾಯಲ್ಲಿ ಜಾಬ್ ಶೆಡ್ಯೂಲ್ ಮಾಡುವುದು ಅಂದರೆ ಹೂಡುವುದು, ಡಿಲೀಟ್ ಮಾಡುವುದು ಅಂದರೆ ಬಿಚ್ಚುವುದು.

"ಎಲ್ಡು ಗಂಟ್ಗೆ ಹೂಡಿವ್ನಿ ಕಣವ್ವ, ಅದನ್ನ ಮುಟ್‌ಬ್ಯಾಡ."

"ಮುಟ್ಟಿದ್ರೆ ಏನಾಗುತ್ತೆ ಸಾ?"

"ನೋಡಪ್ಪ, ಸುರುವಾಯ್ತು. ಲಾಯರಮ್ಮ, ಮುಟ್‌ಬ್ಯಾಡ ಅಂದ್ರೆ ಮುಟ್‌ಬ್ಯಾಡ ಅಷ್ಟೇಯ."

ಲಾಯರಮ್ಮ ಅಂದರೆ ನಾನು. ಸೇರಿದ ಮೊದಲ ವಾರವೇ ಇಟ್ಟ ಹೆಸರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮ್ಯಾನೇಜರು ಒಂದು ದಿನ ಕೆಲವು ತಿಂಗಳ ರಿಪೋರ್ಟ್ ಹಿಡಿದುಕೊಂಡು ಬಂದರು. ಅರಕಲಗೂಡಿನ ಸಾಲು ತುಂಬಿದೆ, ಚನ್ನರಾಯಪಟ್ಟಣದ ಸಾಲು ತುಂಬಿದೆ, ಹೊಳೆನರಸೀಪುರದ ಸಾಲಿನಲ್ಲಿ ಮಾತ್ರ ಪ್ರತಿ ಸೋಮವಾರ ಸೊನ್ನೆ. ಯುಗಾದಿಯಿಂದ ಈಚೆಗೆ ಒಂದು ಸೋಮವಾರವೂ ತಪ್ಪಿಲ್ಲ.

"ಆಯಮ್ಮ ಸೋಮವಾರ ಕಳಿಸ್ತಾನೇ ಇಲ್ಲ," ಅಂದರು. "ಈ ತಿಂಗಳ ಕೊನೆಗೆ ಅವರ ಕಾಂಟ್ರಾಕ್ಟು ಮುಗಿಯುತ್ತೆ. ಮುಂದುವರಿಸಬಾರದು ಅಂತಿದ್ದೀನಿ. ನೀನು ಡಿಬೇಟ್ ಮಾಡ್ದೋಳಲ್ವಾ? ಪಾಯಿಂಟ್ ಪಾಯಿಂಟಾಗಿ ಒಂದು ರಿಪೋರ್ಟ್ ಬರ್ಕೊಡು."

ಹೊಳೆನರಸೀಪುರದ ಆಪರೇಟರನ್ನು ನಾನು ನೋಡಿರಲಿಲ್ಲ. ಅರ್ಚಕರ ಮನೆಯ ಮಗಳು, ಇಬ್ಬರು ಮಕ್ಕಳ ತಾಯಿ, ಆ ಮನೆಯಿಂದ ಸಂಬಳಕ್ಕೆ ಹೊರಗೆ ಹೋದ ಮೊದಲ ಹೆಂಗಸು, ನಾಲ್ಕು ವರ್ಷದಿಂದ ಕಾಂಟ್ರಾಕ್ಟಿನ ಮೇಲೆ ಇದ್ದಾರೆ, ಈ ಸಲ ಕಾಯಂ ಆಗುತ್ತದೆ ಎಂದು ಕಾಯುತ್ತಿದ್ದಾರೆ, ಇಷ್ಟು ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಸಂಕಟದಿಂದ ಬರೆದೆ ಎಂದು ಹೇಳಿದರೆ ಸುಳ್ಳಾಗುತ್ತದೆ, ಖುಷಿಯಿಂದ ಬರೆದೆ. ಮೂರು ಸೆಂಟರಿನ ಫೈಲೂ ಒಂದೇ ಯಂತ್ರಕ್ಕೆ ಬರುತ್ತವೆ. ಯಂತ್ರದ ದೋಷವಾಗಿದ್ದರೆ ಮೂರೂ ನಿಲ್ಲಬೇಕಿತ್ತು. ಎರಡು ಬಂದು ಒಂದು ಬರುತ್ತಿಲ್ಲ ಅಂದರೆ ದೋಷ ಕಳಿಸುವ ಕಡೆಯೇ ಇದೆ. ಯಂತ್ರಕ್ಕೆ ವಾರದ ಪರಿವೆ ಇಲ್ಲ, ವಾರ ನೋಡುವುದು ಮನುಷ್ಯರು. ಕೊನೆಗೆ, ಆ ಆಪರೇಟರು ಸೋಮವಾರ ಮಧ್ಯಾಹ್ನ ದೇವಸ್ಥಾನಕ್ಕೆಂದು ಬೇಗ ಎದ್ದು ಹೋಗುತ್ತಾರೆ ಎಂದು ಟ್ಯಾಂಕರ್ ಡ್ರೈವರು ಹೇಳಿದ್ದನ್ನೂ ಸೇರಿಸಿದೆ. ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ, ಟೈಪ್ ಮಾಡಿ ಮುಗಿಸಿದ ಮೇಲೆ ಎರಡು ಸಲ ಜೋರಾಗಿ ಓದಿಕೊಂಡೆ. ಕೆಳಗೆ ಹೆಸರು ಹಾಕುವುದು ಬೇಡ, ಆಫೀಸಿನ ಟಿಪ್ಪಣಿ ಅಂತಿರಲಿ ಎಂದರು ಮ್ಯಾನೇಜರು. ಎರಡೇ ದಿನಕ್ಕೆ ಆ ರಿಪೋರ್ಟಿನ ಪ್ರತಿಯೊಂದಿಗೆ ಹೊಳೆನರಸೀಪುರಕ್ಕೆ ಪತ್ರ ಹೋಯಿತು.

ಮನೆಯಲ್ಲಿ ಅಪ್ಪನಿಗೆ ಓದಿ ತೋರಿಸಿದೆ. ಕೇಳಿ ಮುಗಿಸಿ, "ಚೆನ್ನಾಗಿದೆ. ಆಯಮ್ಮ ಏನಂದ್ರು?" ಅಂದರು.

"ಯಾವಾಗ?"

"ನೀನು ಕೇಳ್ದಾಗ."

ನಾನು ಕೇಳಿರಲಿಲ್ಲ. ಚರ್ಚಾಸ್ಪರ್ಧೆಯಲ್ಲಾದರೂ ಎದುರಾಳಿಗೆ ಮೂರು ನಿಮಿಷ ಕೊಡುತ್ತಾರೆ.

ಮುಂದಿನ ಸೋಮವಾರ ರಜ ಹಾಕಿ ಚನ್ನರಾಯಪಟ್ಟಣದಿಂದ ನೇರವಾಗಿ ಹೊಳೆನರಸೀಪುರದ ಬಸ್ಸು ಹತ್ತಿದೆ. ಸೆಂಟರು ಬಸ್ ಸ್ಟ್ಯಾಂಡಿನಿಂದ ನಡೆಯುವಷ್ಟೇ ದೂರ, ತೆಂಗಿನಕಾಯಿ ಮಂಡಿಯ ಹಿಂದೆ. ಹಾಸನದಿಂದ ಬಂದಿದ್ದೇನೆ, ಕಂಪ್ಯೂಟರ್ ನೋಡಿ ಹೋಗುತ್ತೇನೆ ಅಂದೆ. ಆಕೆ ಕನ್ನಡಕದ ಮೇಲಿಂದ ನನ್ನನ್ನು ಒಂದು ಸಲ ನೋಡಿ ಕುರ್ಚಿ ಎಳೆದುಕೊಟ್ಟರು.

"ಕೂತ್ಕೊಳ್ಳಿ. ಇವತ್ತು ಸೋಮವಾರ, ನಾನು ಊಟ ಮಾಡಲ್ಲ, ಅವಲಕ್ಕಿ ಇದೆ. ಇಬ್ರಿಗೂ ಆಗತ್ತೆ."

ಹನ್ನೊಂದೂವರೆಗೆ ಫೈಲು ಕಳಿಸಿದರು. ಮೋಡೆಮ್ಮು ಅರಚಿತು, ಪರದೆಯ ಮೇಲೆ 'ತಲುಪಿದೆ' ಎಂದು ಬಂತು. ಆಕೆ ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಎಳೆದರು. ನಾನು ಎದ್ದು ಹೋಗಿ ಹಿಂದಿನ ತಿಂಗಳುಗಳ ಹಾಳೆ ತಿರುವಿದೆ. ಎಲ್ಲ ದಿನಕ್ಕೂ ಗೀಟು. ಎಲ್ಲ ಸೋಮವಾರಕ್ಕೂ ಗೀಟು.

"ಪತ್ರ ಬಂತು," ಅಂದರು, ಅವಲಕ್ಕಿ ಹಾಕಿಕೊಡುತ್ತಾ. "ಜೊತೇಲಿ ಒಂದು ರಿಪೋರ್ಟು. ನಿಮ್ಮ ಆಫೀಸಲ್ಲಿ ಯಾರೋ ಚೆನ್ನಾಗಿ ಓದಿದೋರೇ ಬರೆದಿರ್ಬೇಕು ಕಣ್ರೀ. ಒಂದು ಕಡೆ ಬೆರಳಿಡೋ ಹಂಗಿಲ್ಲ. ಓದ್ತಾ ಓದ್ತಾ ನನಗೇ ಅನುಮಾನ ಬಂತು, ನಾನು ನಿಜವಾಗ್ಲೂ ಕಳಿಸ್ತಾ ಇಲ್ವೇನೋ ಅಂತ."

ನಾನು ಒಗ್ಗರಣೆ ಚೆನ್ನಾಗಿದೆ ಅಂದೆ. ನಿಜಕ್ಕೂ ಚೆನ್ನಾಗಿತ್ತು.

ಮಂಗಳವಾರ ಹನ್ನೆರಡರ ಹೊತ್ತಿಗೆ ಯಜಮಾನರು ಟ್ಯಾಂಕರ್ ನೋಡಲು ಕೆಳಗೆ ಹೋದಾಗ, ಮುಟ್ಟಬೇಡ ಅಂದಿದ್ದ ಜಾಬ್‌ಗಳ ಪಟ್ಟಿಯನ್ನು ತೆರೆದೆ. ನಾನು ಅದನ್ನು ಮೊದಲೇ ನೋಡಬೇಕಿತ್ತು. ರಿಪೋರ್ಟ್ ಬರೆಯುವ ಆತುರದಲ್ಲಿ ಫಲಿತಾಂಶ ನೋಡಿದ್ದೆನೇ ಹೊರತು ಕೆಲಸ ನಡೆದ ದಾರಿ ನೋಡಿರಲಿಲ್ಲ. ಭಾನುವಾರ ಎರಡು ಗಂಟೆಗೆ ಮೂರು ಜಾಬೂ ಓಡಿವೆ. ಸೋಮವಾರದ್ದು ಒಂದೂ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮೂರನ್ನೂ ಅಳಿಸಲಾಗಿದೆ. ಹಿಂದಿನ ಸೋಮವಾರ ಮೂರು, ಅದರ ಹಿಂದಿನ ಸೋಮವಾರ ಮೂರು. ಅಳಿಸಿದವರ ಹೆಸರಿನ ಜಾಗದಲ್ಲಿ ನಮ್ಮ ಕೋಣೆಯವರೆಲ್ಲ ಬಳಸುತ್ತಿದ್ದ ಒಂದೇ ಹೆಸರು. ಬೆಂಗಳೂರಿನಲ್ಲಿದ್ದ ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿ ಕೇಳಿದೆ. "ಸಿಸ್ಟಮ್ಮು ತಾನಾಗೇ ಅಳಿಸಲ್ಲ ಮೇಡಂ, ನಿಮ್ಮೋರೇ ಯಾರೋ ಮಾಡಿದಾರೆ" ಅಂದರು.

ಫೋನ್ ಇಡುವಾಗ ಯಜಮಾನರು ಬಾಗಿಲಲ್ಲಿ ನಿಂತಿದ್ದರು.

"ಸಾ, ಸೋಮವಾರದ ಜಾಬ್ ಯಾರೋ ಡಿಲೀಟ್ ಮಾಡ್ತಿದಾರೆ."

"ಯಾರೋ ಯಾಕೆ? ನಾನೇ ಬಿಚ್ಚಾದು."

ಇಷ್ಟೇ ನನ್ನ ಪಟಪಟ ಪ್ರಶ್ನೆ. ಮದುವೆ ಮನೆಯ ಕಥೆಯಲ್ಲಿ ಇದು ಕಾಲು ಗಂಟೆ ನಡೆಯುತ್ತದೆ.

"ಯಾಕೆ ಸಾ?"

"ಸೋಮ್ವಾರ ನೊಗ ಕಟ್ತರೇನವ್ವ ಯಾರಾದ್ರೂವೆ?"

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವನ ವಾರ. ಅಷ್ಟು ನನಗೂ ಗೊತ್ತಿತ್ತು. "ಇದು ಎತ್ತಲ್ಲ ಸಾ, ಯಂತ್ರ. ಇದಕ್ಕೆ ಸುಸ್ತಾಗಲ್ಲ," ಅಂದೆ.

"ಸುಸ್ತಾಗಲ್ವಾ? ಯುಗಾದಿಗೆ ಮುಂಚೆ ತಿಂಗ್ಳಿಗೆ ಎಷ್ಟು ಸಲ ಮಲೀಕತಿತ್ತು, ನೀನೇ ಯೋಳು."

"ಮೂರು ಸಲ, ನಾಲ್ಕು ಸಲ."

"ನಾನು ಸೋಮ್ವಾರ ಬಿಚ್ಚಕ್ಕೆ ಸುರು ಮಾಡಿದ್ಮ್ಯಾಕೆ?"

ಒಂದು ಸಲವೂ ಹ್ಯಾಂಗ್ ಆಗಿರಲಿಲ್ಲ. ಅರ್ಧಕ್ಕೆ ಸಿಕ್ಕಿಕೊಂಡ ಹಳೆಯ ಜಾಬ್‌ಗಳು ಯಂತ್ರದೊಳಗೆ ಸೇರಿ ಸೇರಿ ಅದನ್ನು ನಿಲ್ಲಿಸುತ್ತಿದ್ದವು. ವಾರಕ್ಕೊಮ್ಮೆ ಎಲ್ಲವನ್ನೂ ಅಳಿಸಿ, ಮರುದಿನ ನೋಟ್‌ಬುಕ್ ನೋಡಿ ಹೊಸದಾಗಿ ಹೂಡಿದಾಗ ಆ ಕಸವೂ ಹೋಗುತ್ತಿತ್ತು. ಕಾರಣ ಬಸವನಲ್ಲ, ಆದರೆ ಫಲ ನಿಜ. ಆ ಪಾಯಿಂಟನ್ನು ಅವರಿಗೆ ಬಿಟ್ಟುಕೊಡಲೇಬೇಕು, ಅವತ್ತೂ ಇವತ್ತೂ.

"ಹಾಗಾದ್ರೆ ಸೋಮವಾರದ ಹಾಲು?"

"ಅಂಗೇ ಬಿಟ್ಬುಡ್ತೀನಾ? ಫೈಲು ಅಲ್ಲೇ ಕೂತಿರ್ತವೆ. ಮಂಗಳ್ವಾರ ಹೂಡ್ದಾಗ ಎಲ್ಡು ದಿನದ್ದೂ ಒಟ್ಗೇ ತಿಂತದೆ. ನೋಡಿವ್ನಿ ಕಣವ್ವ ನಾನು. ಅರ್ಕಲ್‌ಗೂಡಿಂದು ಬತ್ತದೆ, ಚಂದ್ರಾಪಟ್ಣದ್ದು ಬತ್ತದೆ."

"ಹೊಳೆನರಸೀಪುರದ್ದು?"

ಅವರು ಕುರ್ಚಿ ಎಳೆದುಕೊಂಡರು. ಇಬ್ಬರೂ ಒಂದೇ ಪರದೆಯ ಮುಂದೆ ಕೂತು, ಬಂದ ಫೈಲುಗಳನ್ನು ಇಡುವ ಜಾಗವನ್ನು ತೆರೆದೆವು. ಅರಕಲಗೂಡಿನವು ಎರಡು, ಸೋಮವಾರದ್ದೊಂದು, ಆಗತಾನೇ ಬಂದ ಮಂಗಳವಾರದ್ದೊಂದು. ಚನ್ನರಾಯಪಟ್ಟಣದವೂ ಎರಡು. ಪ್ರತಿ ಫೈಲಿನ ಹೆಸರಿನಲ್ಲೂ ತಾರೀಖು ಇದೆ. ಹೊಳೆನರಸೀಪುರದ್ದು ಒಂದೇ. ಅಲ್ಲಿನ ಕಂಪ್ಯೂಟರು ಮೂರರಲ್ಲಿ ಹಳೆಯದು, ಅದು ತಾರೀಖು ಹಾಕದೆ ದಿನಾ ಒಂದೇ ಹೆಸರಿನಲ್ಲಿ ಫೈಲು ಕಳಿಸುತ್ತಿತ್ತು. ಮಂಗಳವಾರದ ಫೈಲು ಬಂದು ಸೋಮವಾರದ ಫೈಲಿನ ಮೇಲೆ ಕೂತಿತ್ತು. ಕೆಳಗಿನದು ಅಳಿಸಿಹೋಗಿತ್ತು. ಬೇರೆ ದಿನಗಳಲ್ಲಿ ಎರಡು ಗಂಟೆಗೇ ಜಾಬ್ ಓಡಿ ಫೈಲನ್ನು ಕಣಜಕ್ಕೆ ತುಂಬುತ್ತಿದ್ದರಿಂದ ಇದು ಯಾರಿಗೂ ಗೊತ್ತಾಗಿರಲಿಲ್ಲ.

ಯಜಮಾನರು ಆ ಒಂದು ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ, "ಆಯಮ್ಮಂಗೆ ಕಾಗ್ದ ಓಗದೆ ಅಲ್ವಾ?" ಅಂದರು.

"ಹೋಗಿದೆ."

"ಅದ್ರಾಗೆ ಏನೋ ಬರ್ದಿದ್ಯಲ್ಲ ನೀನು."

"ಬರ್ದಿದ್ದೆ."

"ನಡಿ."

ಅವತ್ತು ಅವರು ಮ್ಯಾನೇಜರ ಮುಂದೆ ನಿಂತು, ಏನು ಮಾಡಿದೆ, ಯಾಕೆ ಮಾಡಿದೆ, ಯಾವಾಗಿನಿಂದ ಎಂದು ಒಂದನ್ನೂ ಬಿಡದೆ ಹೇಳಿದರು. ನಾನು ಫೈಲಿನ ಹೆಸರಿನ ವಿಷಯ ಹೇಳಿದೆ. ಮ್ಯಾನೇಜರು ಎರಡು ನಿಮಿಷ ಗಂಭೀರವಾಗಿ ಕೇಳಿ, ಆಮೇಲೆ ತಡೆಯಲಾರದೆ ಬಿದ್ದು ಬಿದ್ದು ನಕ್ಕರು. ಪಕ್ಕದ ಕೋಣೆಯವರನ್ನು ಕರೆದು ಇನ್ನೊಂದು ಸಲ ಹೇಳಿಸಿದರು. ಮದುವೆ ಮನೆಯ ಕಥೆ ಹುಟ್ಟಿದ್ದು ಅಲ್ಲಿ. ನಗು ನಿಂತ ಮೇಲೆ, "ಆಯ್ತು, ಆಯಮ್ಮಂಗೆ ಮುಂದಿನ ತಿಂಗಳೂ ಬರೋಕೆ ಹೇಳಿ, ಕಾಂಟ್ರಾಕ್ಟ್ ಮುಂದುವರಿಸೋಣ," ಅಂದರು. ಕಾಯಂ ಮಾಡುವ ಮಾತು ಬರಲಿಲ್ಲ.

ಮರುದಿನ ಹಾಲಿನ ಟ್ಯಾಂಕರಿನಲ್ಲೇ ಕೂತು ನಾವಿಬ್ಬರೂ ಹೊಳೆನರಸೀಪುರಕ್ಕೆ ಹೋದೆವು. ದಾರಿಯುದ್ದಕ್ಕೂ ಗದ್ದೆಗಳು ಹಸಿರಾಗಿದ್ದವು. ಯಜಮಾನರು ರೂಟಿನಲ್ಲಿ ಓಡಾಡುತ್ತಿದ್ದ ಕಾಲದ ಒಂದೊಂದು ತಿರುವನ್ನೂ ತೋರಿಸಿ, ಇಲ್ಲಿ ಲಾರಿ ಹೂತುಕೊಂಡಿತ್ತು, ಇಲ್ಲಿ ಒಬ್ಬ ಅಜ್ಜಿ ದಿನಾ ಮಜ್ಜಿಗೆ ಕೊಡೋಳು ಎಂದು ಹೇಳುತ್ತಾ ಬಂದರು. ಆ ಪ್ರಯಾಣವನ್ನು ನೆನೆದರೆ ಈಗಲೂ ಮನಸ್ಸು ಹಿಗ್ಗುತ್ತದೆ. ಹೋಗುತ್ತಿದ್ದ ಕೆಲಸ ಮಾತ್ರ ಹಿಗ್ಗುವಂಥದ್ದಲ್ಲ.

ಯಜಮಾನರು ಆಕೆಗಿಂತ ಇಪ್ಪತ್ತು ವರ್ಷ ದೊಡ್ಡವರು. ಒಳಗೆ ಹೋದವರೇ ಕೈ ಮುಗಿದರು.

"ತೆಪ್ಪು ನಂದು ಕಣವ್ವ. ನೀನು ಕಳ್ಸಿದ್ದೆ, ನಾನು ಕಳೆದೆ. ಕ್ವಾಪ ಮಾಡ್ಕಬ್ಯಾಡ, ಬಾ."

ಆಕೆ ಗಾಬರಿಯಾಗಿ ಎದ್ದು ನಿಂತರು. "ಅಯ್ಯೋ, ನೀವು ದೊಡ್ಡೋರು, ಕೈ ಮುಗೀಬೇಡಿ. ಕೂತ್ಕೊಳ್ಳಿ." ಎಲ್ಲವನ್ನೂ ಕೇಳಿಸಿಕೊಂಡರು. ಬಸವನ ವಾರದ ಮಾತು ಬಂದಾಗ ಸಣ್ಣಗೆ ನಕ್ಕರು ಕೂಡ. ಆಮೇಲೆ ಹೇಳಿದರು:

"ನಿಮ್ಮ ಮೇಲೆ ನಂಗೆ ಕೋಪ ಇಲ್ಲ. ನೀವು ನನ್ನನ್ನ ನೋಡಿ ಮಾಡಿದ್ದಲ್ಲ. ಆದ್ರೆ ನಾಲ್ಕು ವರ್ಷ ದಿನಾ ಕಳಿಸಿದೀನಿ. ಒಂದ್ಸಲ, ಒಂದೇ ಸಲ, ಫೋನ್ ಮಾಡಿ, 'ಸೋಮವಾರದ್ದು ಯಾಕಮ್ಮ ಬರ್ತಿಲ್ಲ' ಅಂತ ಯಾರಾದ್ರೂ ಕೇಳಿದ್ರೆ ಆಗ್ತಿರ್ಲಿಲ್ವಾ? ಅಷ್ಟು ಚೆನ್ನಾಗಿ ರಿಪೋರ್ಟ್ ಬರೆಯೋಕೆ ಹೊತ್ತಿತ್ತು, ಕೇಳೋಕೆ ಹೊತ್ತಿರ್ಲಿಲ್ಲ. ದೇವಸ್ಥಾನಕ್ಕೆ ಹೋಗೋದನ್ನೂ ಬರೆದಿದ್ರು. ನಮ್ಮ ತಂದೆ ಅದನ್ನ ಓದಿದ್ರು. ನಾನು ಬರಲ್ಲ."

ಯಜಮಾನರು ನನ್ನ ಕಡೆ ನೋಡಲಿಲ್ಲ. ನೋಡದೇ ಇರಲು ಅವರು ಪಟ್ಟ ಕಷ್ಟ ಕಾಣಿಸುತ್ತಿತ್ತು. ಬರೆದವಳು ಇವಳೇ ಎಂದು ಅವರು ಒಂದು ಮಾತು ಹೇಳಬಹುದಿತ್ತು. ನಾನೂ ಹೇಳಬಹುದಿತ್ತು. ಪರ, ವಿರುದ್ಧ, ಎರಡೂ ಕಡೆ ನಿಂತು ಮಾತಾಡಬಲ್ಲ ನನಗೆ ಅವತ್ತು ಒಂದು ವಾಕ್ಯ ಹುಟ್ಟಲಿಲ್ಲ. ತಿಂಗಳ ಕೊನೆಗೆ ಆಕೆ ಬೀಗದ ಕೈ ಕೊಟ್ಟು ಹೋದರು ಎಂದು ಕೇಳಿದೆ.

ಸೋಮವಾರ ಬಿಚ್ಚುವುದನ್ನು ಯಜಮಾನರು ನಿಲ್ಲಿಸಿದರು. ಯಂತ್ರ ಮತ್ತೆ ಮಲಗಲು ಶುರುಮಾಡಿತು. ಬೆಂಗಳೂರಿನಿಂದ ಇಬ್ಬರು ಬಂದು ನೋಡಿ, ವಾರಕ್ಕೊಂದು ದಿನ, ಭಾನುವಾರ ಆದರೆ ಒಳ್ಳೆಯದು, ಎಲ್ಲ ಜಾಬ್ ತೆಗೆದು ಯಂತ್ರವನ್ನು ನಿಲ್ಲಿಸಿ ಹೊಸದಾಗಿ ಶುರುಮಾಡಿ ಎಂದು ಬರೆದುಕೊಟ್ಟರು. ಯಜಮಾನರು ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು.

"ನೋಡ್ದಾ ಲಾಯರಮ್ಮ. ನಾವು ಸೋಮ್ವಾರ ಅಂದ್ರೆ ಮೂಢನಂಬ್ಕೆ, ಅವ್ರು ಭಾನ್ವಾರ ಅಂದ್ರೆ ಟೆಕ್ನಾಲಜಿ."

ಅವರು ನಿವೃತ್ತರಾಗಿ, ನಾನು ಆ ಕೆಲಸ ಬಿಟ್ಟು, ಡೈರಿಯೂ ಮುಚ್ಚಿದ ಮೇಲೆ ಒಂದು ಸಂತೆಯ ದಿನ ಗೆಳತಿಯ ಮನೆಗೆಂದು ಕೊಣನೂರಿಗೆ ಹೋಗಿದ್ದೆ. ಯಾವುದೋ ಕಾಗದದ ಜೆರಾಕ್ಸ್ ಬೇಕಾಗಿ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹತ್ತಿದರೆ, ಕಂಪ್ಯೂಟರಿನ ಮುಂದೆ ಕೂತು ಯಾರದೋ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದವರು ಹೊಳೆನರಸೀಪುರದ ಆ ಆಪರೇಟರೇ. ಕೂದಲು ಬೆಳ್ಳಗಾಗಿತ್ತು. ಕನ್ನಡಕದ ಮೇಲಿಂದ ನೋಡಿ, "ಹಾಸನದೋರಲ್ವಾ ನೀವು? ಬನ್ನಿ, ಕೂತ್ಕೊಳ್ಳಿ," ಅಂದರು. ಅಂಗಡಿ ತಮ್ಮದೇ, ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ, ಸಂತೆಯ ದಿನ ಬಿಡುವೇ ಇರುವುದಿಲ್ಲ ಅಂದರು. ಯಜಮಾನರು ಹೇಗಿದ್ದಾರೆ ಎಂದು ಕೇಳಿದರು. ಡೈರಿಯ ಬಗ್ಗೆ ಕೇಳಲಿಲ್ಲ.

ಸಂತೆಯವರು ಒಬ್ಬರ ಹಿಂದೊಬ್ಬರು ಪಹಣಿ, ಅರ್ಜಿ ಹಿಡಿದುಕೊಂಡು ಬರುತ್ತಿದ್ದರು. ನಾನು ಮೂಲೆಯ ಸ್ಟೂಲಿನ ಮೇಲೆ ಕೂತು, ಸ್ವಲ್ಪ ಜನ ಕರಗುವವರೆಗೆ ಕಾದೆ. ಆಮೇಲೆ, "ಆ ರಿಪೋರ್ಟ್ ಬರೆದೋಳು ನಾನು," ಅಂದೆ.

ಆಕೆ ಜೆರಾಕ್ಸ್ ಯಂತ್ರದ ಮುಚ್ಚಳ ಎತ್ತಿ ನನ್ನ ಕಾಗದ ತೆಗೆದರು, ಪ್ರತಿಯ ಜೊತೆ ಸೇರಿಸಿ ಅಂಚು ಸರಿಮಾಡಿ ಮೇಜಿನ ಮೇಲಿಟ್ಟರು. ಮುಖದಲ್ಲಿ ಆಶ್ಚರ್ಯ ಹುಡುಕಿದೆ, ಕಾಣಲಿಲ್ಲ.

"ಅವತ್ತು ಸೋಮವಾರ ನಾನು ಬಂದಿದ್ನಲ್ಲ," ಅಂದೆ. "ನನ್ನ ತಟ್ಟೆಗೆ ಅವಲಕ್ಕಿ ಹಾಕ್ತಾ ಇದ್ದಾಗ್ಲೇ ನಿಮಗೆ ಗೊತ್ತಿತ್ತಾ?"